ಬೆನ್ನು ನೆಲಕ್ಕೆ ತಾಗಿದರೆ ಸೋಲಲ್ಲ

ಪ್ರಶ್ನೆ: ಚಿಕ್ಕಂದಿನಿಂದ ತಾಲೀಮಿನಲ್ಲಿ ಬೆಳೆದವನು, ಜಾತ್ರೆಗಳಲ್ಲಿ ಕುಸ್ತಿ ಹಿಡಿದಿದ್ದೇನೆ. ಈಗ ನೆಲದ ಮೇಲೆ ಹಿಡಿತ, ಪಟ್ಟುಗಳಿಂದ ಸೆಣಸುವ ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯುತ್ತಿದ್ದೇನೆ. ಎದುರಾಳಿ ನನ್ನ ಗಾರ್ಡ್ (ಕೆಳಗಿದ್ದು ಕಾಲುಗಳಿಂದ ಎದುರಾಳಿಯನ್ನು ತಡೆಯುವ ಭಂಗಿ) ದಾಟಿ ಪಕ್ಕಕ್ಕೆ ಬಂದನೆಂದರೆ ಮತ್ತೆ ಕಾಲು ಒಳಗೆ ತರಲು ಆಗುವುದಿಲ್ಲ. ಬೇಸಿಗೆಯಲ್ಲಂತೂ ಬೆವರಿಗೆ ಹಿಡಿತವೇ ನಿಲ್ಲುವುದಿಲ್ಲ. ಏನು ಮಾಡಲಿ?
– ಓದುಗರು, ಕಲಬುರಗಿ

ಉತ್ತರ: ನೀವು ಬರೆಯದಿದ್ದರೂ ಒಂದನ್ನು ಊಹಿಸಬಲ್ಲೆ. ಎದುರಾಳಿ ಪಕ್ಕಕ್ಕೆ ಬಂದ ಕೂಡಲೇ ನೀವು ಬೋರಲಾಗುತ್ತೀರಿ. ಚಿತ್ ಆದರೆ ಕುಸ್ತಿ ಮುಗಿಯಿತೆಂದು ವಸ್ತಾದರು ಮೈಗೆ ಹತ್ತಿಸಿದ ಪಾಠ ಸುಲಭಕ್ಕೆ ಬಿಡುವುದಿಲ್ಲ. ಇಲ್ಲಿ ಲೆಕ್ಕವೇ ಬೇರೆ. ಗಾರ್ಡ್ ದಾಟಿ ಮೂರು ಸೆಕೆಂಡು ಹಿಡಿದಿಟ್ಟವನಿಗೆ 3 ಅಂಕ; ಬೆನ್ನೇರಿ ಎರಡೂ ಕಾಲಿನ ಕೊಕ್ಕೆ ಹಾಕಿದವನಿಗೆ 4. ಅಂಕ ಹಾಳಾಗಲಿ, ಬೆನ್ನು ಕೊಟ್ಟ ಮೇಲೆ ಅವನ ಕೈ ನೇರ ನಿಮ್ಮ ಕುತ್ತಿಗೆಗೆ ಬರುತ್ತದೆ. ಆದ್ದರಿಂದ ಮೊದಲು ಅವನ ಕಡೆಗೇ ಮುಖ ಮಾಡಿ ಮಲಗುವುದನ್ನು ರೂಢಿಸಿಕೊಳ್ಳಿ.

ಅವನು ಎದೆಯೊತ್ತಿ ಅಡ್ಡ ಬಿದ್ದಾಗ ನಿಮ್ಮ ಒಂದು ಮುಂಗೈ ಅವನ ಕುತ್ತಿಗೆಗೆ, ಇನ್ನೊಂದು ಸೊಂಟದ ಮೂಳೆಗೆ ಅಡ್ಡ ಇರಲಿ. ಫ್ರೇಮ್ ಎನ್ನುವುದು ಇದನ್ನೇ. ಅಂಗೈಯಿಂದ ತಳ್ಳಬೇಡಿ, ಕೈ ನೇರ ಚಾಚಿದರೆ ಮೊಣಕೈ ಕೀಲನ್ನು ಹಿಂದಕ್ಕೆ ಬಗ್ಗಿಸುವ ಆರ್ಮ್‌ಬಾರ್ ಪಟ್ಟಿಗೆ ನೀವೇ ಕರೆದಂತೆ. ಈಗ ಪಾದ ಊರಿ ಸೊಂಟ ಎತ್ತಿ. ಅವನನ್ನು ಉರುಳಿಸಲಿಕ್ಕಲ್ಲ, ಅವನ ಭಾರ ಒಂದು ಕ್ಷಣ ಕದಲಲಿಕ್ಕೆ. ಎತ್ತಿದ ಸೊಂಟವನ್ನು ಅದೇ ಜಾಗಕ್ಕೆ ಇಳಿಸದೆ ಹಿಂದಕ್ಕೆ ಸರಿಸಿ, ಅವನ ಕಡೆಯ ಮಗ್ಗುಲಿಗೆ ಹೊರಳಿ. ಇಲ್ಲಿಯೇ ಬಹಳ ಮಂದಿ ಎಡವುವುದು: ಎದುರಾಳಿಯನ್ನು ದೂರ ಸರಿಸಲು ಹೆಣಗುತ್ತಾರೆ. ನೂರು ಕಿಲೋ ಆಳು ಸರಿಯುವುದಿಲ್ಲ, ಸರಿಯಬೇಕಾದವರು ನೀವು. ತೆರವಾದ ಜಾಗಕ್ಕೆ ಕೆಳಗಿನ ಮೊಣಕಾಲನ್ನು ಅವನ ಹೊಟ್ಟೆಗೆ ಅಡ್ಡವಾಗಿ ತೂರಿಸಿ. ಪೂರ್ತಿ ಗಾರ್ಡ್ ಸಿಗದಿದ್ದರೆ ಅವನ ಒಂದು ಕಾಲನ್ನಾದರೂ ನಿಮ್ಮ ಕಾಲುಗಳ ನಡುವೆ ಸಿಕ್ಕಿಸಿಕೊಂಡು ಹಾಫ್ ಗಾರ್ಡ್‌ನಲ್ಲಿ ಉಸಿರು ತೆಗೆದುಕೊಳ್ಳಿ. ಸೊಂಟ ಎತ್ತುವ ಬಲ ತಾಲೀಮಿನಿಂದಲೇ ನಿಮಗೆ ಬಂದಿರುತ್ತದೆ, ಬೇರೆಯವರಿಗೆ ಅದನ್ನು ಕಲಿಸಲು ತಿಂಗಳುಗಳು ಬೇಕು.

ಇಷ್ಟಾದರೂ ಇದು ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸ. ಅವನು ನಿಮ್ಮ ಮೊಣಕಾಲಿನ ಗೆರೆ ದಾಟುತ್ತಿರುವಾಗಲೇ ಸೊಂಟ ಸರಿದಿರಬೇಕು, ಮೊಣಕೈ ಮೊಣಕಾಲುಗಳ ನಡುವೆ ಅವನ ತಲೆ ತೂರದಂತಿರಬೇಕು. ಒಬ್ಬರೇ ಮ್ಯಾಟ್ ಮೇಲೆ ಉದ್ದಕ್ಕೂ ಸೊಂಟ ಸರಿಸುತ್ತ ಹೋದರೆ ಮೈ ಬಿಸಿಯಾಗುತ್ತದೆ, ಸಮಯಪ್ರಜ್ಞೆ ಬರುವುದಿಲ್ಲ. ಜೊತೆಗಾರನಿಗೆ ಅರ್ಧ ಬಲದಲ್ಲಿ ದಾಟಲು ಹೇಳಿ. ಅವನು ದಾಟಿದರೂ ನೀವು ತಪ್ಪಿಸಿಕೊಂಡರೂ ಅಲ್ಲಿಗೇ ನಿಲ್ಲಿಸಿ ಮತ್ತೆ ಶುರು ಮಾಡಿ. ವಾರಕ್ಕೆರಡು ದಿನ, ಮೂರು ಮೂರು ನಿಮಿಷದ ಸುತ್ತು ಸಾಕು.

ಬೆವರಿನ ವಿಷಯ: ನಮ್ಮ ಮೇ ತಿಂಗಳ ಬಿಸಿಲಿಗೆ ಬೆಳಗಿನ ಜಾವವೇ ಅಭ್ಯಾಸ ಇಟ್ಟುಕೊಳ್ಳಿ. ಗಿ, ಅಂದರೆ ಅಭ್ಯಾಸದ ದಪ್ಪ ಉಡುಪು, ಹಾಕಿದ್ದರೆ ಅದರ ತೋಳಿನ ಬಟ್ಟೆ ಹಿಡಿಯಬಹುದು. ಇಲ್ಲದಿದ್ದರೆ ಮಣಿಕಟ್ಟಿಗಿಂತ ಮೊಣಕೈ ಮೇಲ್ಭಾಗವನ್ನು ಹಿಡಿಯಿರಿ, ಅಲ್ಲಿ ಕೈ ಕಡಿಮೆ ಜಾರುತ್ತದೆ.