54ರಲ್ಲಿ ಗಿಟಾರ್ ಕಲಿಯಬಹುದಾ? ಮೊದಲು ಗಿಟಾರ್ ಅಳೆದು ನೋಡಿ

ವಯಸ್ಸು 54, ಬೆರಳು ಪೆಡಸು, ಎಫ್ ಕಾರ್ಡ್ (ಕಾರ್ಡ್ ಅಂದರೆ ಹಲವು ತಂತಿ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹಿಡಿದರೆ ತಂತಿ ಬರೀ ಟಕ್ ಟಕ್ ಅನ್ನುತ್ತೆ, ಮಗಳು ಪುಟ್ಟ ಗಿಟಾರಿನಂಥ ಉಕುಲೆಲೆ ತಗೊಳ್ಳಿ ಅಂತಿದ್ದಾಳೆ, ಗಿಟಾರ್ ಬಿಡೋದಾ ಮುಂದುವರಿಸೋದಾ ಅಂತ ಕೇಳಿದ್ದೀರಿ. ಗಿಟಾರ್ ಯಾವುದು, ಯಾರದ್ದು, ತಂತಿ ಎಷ್ಟು ದಪ್ಪ ಅಂತ ಒಂದು ಸಾಲೂ ಇಲ್ಲ. ನಾನೂ ಆಗ ಹೀಗೇ. ಸಿಕ್ಕಿದವರಿಗೆಲ್ಲ ವಯಸ್ಸಿನ ಪುರಾಣ ಹೇಳಿಕೊಂಡು ತಿರುಗುತ್ತಿದ್ದೆ.

ನಾನು ಪೀಣ್ಯದಲ್ಲಿ ಟೂಲ್ ರೂಮ್ ಫಿಟ್ಟರ್. ಹಾಡೋ ಅಭ್ಯಾಸ ಮೊದಲಿಂದಲೂ ಇತ್ತು. ಗಣಪತಿ ಪೆಂಡಾಲಿನಲ್ಲಿ, ರಾಜ್ಯೋತ್ಸವದ ದಿನ ಫ್ಯಾಕ್ಟರಿಯಲ್ಲಿ ಕರೋಕೆ ಹಾಕಿಕೊಂಡು ಹಾಡುತ್ತಿದ್ದೆ. ಆದರೆ ಕರೋಕೆ ನಮಗೋಸ್ಕರ ಕಾಯೋದಿಲ್ಲ. ಒಂದು ಸಾಲು ಎಳೆದು ಹಾಡೋಣ ಅಂದರೆ ಅದು ಮುಂದೆ ಹೋಗಿಬಿಟ್ಟಿರುತ್ತೆ. ಐವತ್ತು ದಾಟಿದ ಮೇಲೆ, ನಾನೇ ನುಡಿಸಿಕೊಂಡು ಹಾಡಬೇಕು ಅನ್ನೋ ಹುಚ್ಚು ಹತ್ತಿತು. ಮಗ ಇಂಜಿನಿಯರಿಂಗ್ ಓದುವಾಗ ಕೊಡಿಸಿದ್ದ ಗಿಟಾರ್ ಅಟ್ಟದ ಮೇಲಿತ್ತು. ಅವನು ಈಗ ಪುಣೆಯಲ್ಲಿದ್ದಾನೆ. ಫೋನ್ ಮಾಡಿ ಕೇಳಿದರೆ, "ತಗೋ ಅಪ್ಪ, ಅದು ನಂಗ್ಯಾಕೆ" ಅಂದ.

ಇಳಿಸಿ ಒರೆಸಿದೆ. ತಂತಿ ತುಕ್ಕು ಹಿಡಿದಿತ್ತು. ಒಂದು ಅಂಗಡಿಗೆ ಒಯ್ದು ಹೊಸದು ಹಾಕಿಸಿದೆ. ಅಂಗಡಿಯವನು "ಸೌಂಡ್ ಜೋರಾಗಿ ಬರುತ್ತೆ" ಅಂತ 13ರ ಸೆಟ್ ಹಾಕಿದ. ಈ 13 ಅನ್ನೋದು ಎಲ್ಲಕ್ಕಿಂತ ತೆಳುವಾದ ತಂತಿಯ ದಪ್ಪ, ಇಂಚಿನ ಸಾವಿರದಲ್ಲಿ 13 ಭಾಗ. 10ರ ಸೆಟ್, 12ರ ಸೆಟ್ ಅಂತಲೂ ಇರುತ್ತವೆ. ಇದೆಲ್ಲ ಆಮೇಲೆ ತಿಳಿದಿದ್ದು. ಆಗ ಕೇಳಲೂ ಇಲ್ಲ.

ಭಾನುವಾರದ ಕ್ಲಾಸಿಗೆ ಸೇರಿದೆ. ಉಳಿದವರೆಲ್ಲ ಹೈಸ್ಕೂಲ್ ಮಕ್ಕಳು. ಮೇಷ್ಟ್ರು ನನ್ನ ಮಗನಿಗಿಂತ ಚಿಕ್ಕವನು, ಆದರೆ ಬಹಳ ತಾಳ್ಮೆಯ ಹುಡುಗ. ಇ ಮೈನರ್ ಹೇಗೋ ಆಯಿತು. ಎ, ಡಿ ಕೂಡ ಕಷ್ಟಪಟ್ಟು ಆಯಿತು. ಸಿ ಬಂದಾಗ ಬೆರಳ ತುದಿ ಉರಿಯತೊಡಗಿತು. ಎಫ್‌ನಲ್ಲಿ ತೋರುಬೆರಳು ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕಲ್ಲ, ಅಲ್ಲಿಗೆ ಕಥೆ ಮುಗಿಯಿತು. ಶಾವಿಗೆ ಒರಳು ಒತ್ತಿದ ಹಾಗೆ ಇಡೀ ತೋಳಿನ ಬಲ ಹಾಕಿ ಒತ್ತುತ್ತಿದ್ದೆ. ಪಕ್ಕದಲ್ಲಿ ಏಳನೇ ಕ್ಲಾಸಿನ ಹುಡುಗಿ ಎಫ್ ಹಿಡಿದುಕೊಂಡೇ ಕಿಟಕಿ ಆಚೆ ನೋಡುತ್ತಿರುತ್ತಿದ್ದಳು. "ಪ್ರಾಕ್ಟೀಸ್ ಮಾಡಿ ಅಂಕಲ್, ಬರುತ್ತೆ" ಅನ್ನುತ್ತಿದ್ದ ಮೇಷ್ಟ್ರು.

ಪ್ರಾಕ್ಟೀಸ್ ಮಾಡಿದೆ. ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ಮೊದಮೊದಲು ರಾತ್ರಿ ಮಾತ್ರ, ಆಮೇಲೆ ಸ್ಪ್ಯಾನರ್ ಹಿಡಿದರೂ ನೋವು. ಡಾಕ್ಟರ್ "ವಯಸ್ಸಾಯಿತಲ್ಲ, ಸ್ವಲ್ಪ ರೆಸ್ಟ್ ಕೊಡಿ" ಅಂದರು. ನಿಜ ಹೇಳಬೇಕೆಂದರೆ ಆ ಮಾತು ಕೇಳಿ ನನಗೆ ಸಮಾಧಾನವೇ ಆಯಿತು. ಬಿಡೋಕೆ ಒಂದು ಮರ್ಯಾದಸ್ಥ ಕಾರಣ ಸಿಕ್ಕಿತಲ್ಲ! ಕ್ಲಾಸ್ ಬಿಟ್ಟೆ. ಗಿಟಾರ್ ಮಂಚದ ಕೆಳಗೆ ಹೋಯಿತು. ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ ಇತ್ತು. ಅಷ್ಟರಲ್ಲಿ ಆ ಮೇಷ್ಟ್ರು ಹುಡುಗನಿಗೆ ಚೆನ್ನೈನಲ್ಲಿ ಕೆಲಸ ಸಿಕ್ಕಿ ಹೊರಟೇಹೋದ. ಅಂಥ ತಾಳ್ಮೆಯವರು ಮತ್ತೆ ಸಿಗಲಿಲ್ಲ.

ಆಮೇಲೆ ಒಂದು ಕ್ರಿಸ್‌ಮಸ್‌ಗೆ ಕಮ್ಮನಹಳ್ಳಿಯ ಸಹೋದ್ಯೋಗಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅವನ ಅತ್ತೆಗೆ ಎಪ್ಪತ್ತರ ಹತ್ತಿರ. ಚರ್ಚ್ ಕಾಯರ್‌ನಲ್ಲಿ ಗಿಟಾರ್ ನುಡಿಸುತ್ತಾರೆ. ಊಟ ಆದ ಮೇಲೆ ಮಕ್ಕಳಿಗೋಸ್ಕರ ನುಡಿಸುತ್ತಾ ಕೂತರು. ಅವರ ಬೆರಳ ಗಂಟುಗಳು ನನ್ನದಕ್ಕಿಂತ ದಪ್ಪ. ಎಫ್ ಬಂದರೂ ಮುಖದಲ್ಲಿ ಏನೂ ಬದಲಾವಣೆ ಇಲ್ಲ. ನಾನು ನನ್ನ ಪುರಾಣ ತೆಗೆದೆ. ಆ ಅಮ್ಮ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ಇದನ್ನ ಹಿಡ್ಕೊಳಪ್ಪ" ಅಂತ ಗಿಟಾರ್ ಕೈಗೆ ಕೊಟ್ಟರು. ಎಫ್ ಹಿಡಿದೆ. ಒಂದು ತಂತಿ ಬಿಟ್ಟು ಉಳಿದ ಐದೂ ನುಡಿದವು. ಒಂದು ವರ್ಷ ಮುಟ್ಟದೇ ಇದ್ದ ಕೈ, ಅದೇ ವಯಸ್ಸು. ಇನ್ನೂ ಜಾಸ್ತಿಯೇ ಆಗಿತ್ತು.

ಮರುದಿನ ಮಂಚದ ಕೆಳಗಿಂದ ಗಿಟಾರ್ ಎಳೆದು, ನನ್ನ ಫೀಲರ್ ಗೇಜ್, ಅಂದರೆ ಸಂದಿ ಅಳೆಯೋ ತೆಳು ಉಕ್ಕಿನ ಪಟ್ಟಿಗಳ ಕಟ್ಟು, ತೆಗೆದೆ. ಈ ಮಾತನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಕೆಲಸ ಮಾಡೋನು. ಡೈ ಸರಿಯಾಗಿ ಕೂರದಿದ್ದರೆ ಆಪರೇಟರ್ ಕೈಯನ್ನು ಬೈಯೋದಿಲ್ಲ, ಮೊದಲು ಗ್ಯಾಪ್ ಅಳೆಯುತ್ತೇನೆ. ಹೊಸ ಹುಡುಗರಿಗೆ ದಿನವೂ ಹೇಳೋದು ಅದನ್ನೇ: ಮೊದಲು ಅಳೆ, ಆಮೇಲೆ ಬಾಯಿ ಬಿಡು. ಗೇಜ್ ದಿನವಿಡೀ ಜೇಬಿನಲ್ಲೇ ಇರುತ್ತೆ. ಆದರೂ ಮಗನ ಗಿಟಾರಿನ ತಂತಿಗೂ, ಅದರ ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿಗೂ, ಅಂದರೆ ಫ್ರೆಟ್‌ಗೂ ನಡುವೆ ಅದನ್ನು ಒಂದೇ ಒಂದು ಸಲ ತೂರಿಸಿ ನೋಡಿರಲಿಲ್ಲ. ಯಾಕೆ? ಗಿಟಾರ್ ಅಂದರೆ ಸಂಗೀತ, ಕಲೆ, ಅದಕ್ಕೆ ಅಳತೆ ಇರೋದಿಲ್ಲ ಅಂದುಕೊಂಡಿದ್ದೆ. ಮೇಷ್ಟ್ರ ಕೈಗೆ ನನ್ನ ಗಿಟಾರ್ ಒಂದು ಸಲ ಕೊಟ್ಟಿದ್ದರೂ ಸಾಕಿತ್ತು, ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತಿದ್ದ. ಅವನು ಅವನ ಗಿಟಾರಿನಲ್ಲಿ ತೋರಿಸುತ್ತಿದ್ದ, ನಾನು ನನ್ನದರಲ್ಲಿ ಒದ್ದಾಡುತ್ತಿದ್ದೆ. ಕೇಳೋಕೆ ನಾಚಿಕೆ. ಮಕ್ಕಳ ಮುಂದೆ ಗಿಟಾರ್ ಸರಿ ಇಲ್ಲ ಅಂದರೆ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಅಂತ ನಗ್ತಾರೆ ಅಂತ. ನನ್ನ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಿತ್ತು.

ಗೇಜಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿಯ ಕೆಳಗೆ ತೂರಿಸಿದೆ. ನಾಲ್ಕೂವರೆ ಮಿಲಿಮೀಟರ್! ಸ್ಟೀಲ್ ತಂತಿಯ ಗಿಟಾರಿನಲ್ಲಿ ಅಲ್ಲಿ ಎರಡೂವರೆ ಮಿಲಿಮೀಟರಿನ ಆಸುಪಾಸು ಇರಬೇಕು. ತೆಳು ತಂತಿಯ ಕೆಳಗೆ ಇನ್ನೂ ಕಮ್ಮಿ, ಎರಡರ ಹತ್ತಿರ. ಈ ಎತ್ತರಕ್ಕೆ ಆಕ್ಷನ್ ಅಂತಾರೆ. ನಿಮ್ಮ ಹತ್ತಿರ ಗೇಜ್ ಇರೋದಿಲ್ಲ, ಪರವಾಗಿಲ್ಲ. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್, ಯಾವ ಬ್ಯಾಂಕಿನದಾದರೂ ಅಷ್ಟೇ. ನಂಬರ್ ಉಬ್ಬಿಲ್ಲದ ಮೂರು ಕಾರ್ಡ್ ಜೋಡಿಸಿ, ಅವುಗಳ ಮೂಲೆಯನ್ನು ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿಯ ಕೆಳಗೆ ತೂರಿಸಿ. ಮೂರು ಹೋಗಿ ನಾಲ್ಕನೆಯದು ತಂತಿಗೆ ತಗುಲಿದರೆ ಗಿಟಾರ್ ಸರಿ ಇದೆ. ನಾಲ್ಕೂ ಸಲೀಸಾಗಿ ಹೋದರೆ ಕೈಯನ್ನು ಬೈಯೋದು ನಿಲ್ಲಿಸಿ.

ಇನ್ನೊಂದು ಪರೀಕ್ಷೆ ಇದೆ. ಕ್ಯಾಪೋ ಅಂತ ಒಂದು ಕ್ಲಿಪ್ ಸಿಗುತ್ತೆ, ಅದನ್ನು ಮೊದಲನೇ ಫ್ರೆಟ್‌ಗೆ ಹಾಕಿ ಅದೇ ಎ, ಡಿ, ಸಿ ಹಿಡಿದು ನೋಡಿ. ಇದ್ದಕ್ಕಿದ್ದಂತೆ ಸುಲಭವಾಯಿತು ಅಂದರೆ ನಟ್ ಎತ್ತರ ಜಾಸ್ತಿ ಇದೆ ಅಂತ ಅರ್ಥ. ನಟ್ ಅಂದರೆ ಬೋಲ್ಟಿನ ನಟ್ ಅಲ್ಲ, ಗಿಟಾರಿನ ತಲೆಯ ಹತ್ತಿರ ತಂತಿಗಳು ಹಾದುಹೋಗುವ ಬಿಳಿ ಪಟ್ಟಿ. ಹೊಸಬರು ಎಫ್‌ನಲ್ಲಿ ಸಾಯೋದು ಮುಕ್ಕಾಲು ಪಾಲು ಇದರಿಂದಲೇ ಅನ್ನೋದು ನನ್ನ ಖಚಿತ ಅಭಿಪ್ರಾಯ. ಎಫ್ ಇರೋದು ಮೊದಲನೇ ಫ್ರೆಟ್‌ನಲ್ಲಿ, ನಟ್‌ಗೆ ಅಂಟಿಕೊಂಡೇ.

ಲಿಂಗರಾಜಪುರದಲ್ಲಿ ಗಿಟಾರ್ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ ಅಂತ ಆ ಅಮ್ಮನೇ ಹೇಳಿದರು. ಹೋದೆ. ಅವರು ನುಡಿಸಲೇ ಇಲ್ಲ. ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ನೋಡಿದರು, ನಾವು ಶಾಫ್ಟ್ ಬೆಂಡ್ ನೋಡೋ ಹಾಗೇ.

"ಯಾರು ನುಡಿಸ್ತಿದ್ರು ಇದನ್ನ?"

"ನಾನೇ."

"ಕೈ ಹೋಗ್ಲಿಲ್ವಾ?"

ಆರು ತಂತಿಗಳೂ ಸೇರಿ 70 ಕೆಜಿಗೂ ಜಾಸ್ತಿ ಎಳೆಯುತ್ತಿರುತ್ತವಂತೆ. ಬಿಸಿಲಿಗೆ ಕಾದ ಅಟ್ಟದಲ್ಲಿ ವರ್ಷಗಟ್ಟಲೆ ಆ ಎಳೆತ ಬಿದ್ದು ಕುತ್ತಿಗೆ ಮುಂದಕ್ಕೆ ಬಾಗಿತ್ತು. ಅದರ ಮೇಲೆ 13ರ ಸೆಟ್ ಬೇರೆ. ಕುತ್ತಿಗೆಯೊಳಗೆ ಟ್ರಸ್ ರಾಡ್ ಅಂತ ಉಕ್ಕಿನ ಸರಳು ಇರುತ್ತೆ. ಅದನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿ, ಬಿಟ್ಟು, ಮತ್ತೆ ಕಾಲು ಸುತ್ತು ತಿರುಗಿಸಿದರು. ಆಮೇಲೆ ಸ್ಯಾಡಲ್, ಅಂದರೆ ಬಲಗೈ ಕಡೆ ತಂತಿ ಕೂರುವ ಪಟ್ಟಿ, ತೆಗೆದು ಅದರ ತಳವನ್ನು ಸ್ಯಾಂಡ್ ಪೇಪರ್ ಮೇಲೆ ಉಜ್ಜಿದರು. ಇಲ್ಲೊಂದು ಲೆಕ್ಕ ಇದೆ. ಹನ್ನೆರಡನೇ ಫ್ರೆಟ್ ಇರೋದು ತಂತಿಯ ಸರಿ ಅರ್ಧದಲ್ಲಿ. ಹಾಗಾಗಿ ಅಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್ ಎರಡು ಮಿಲಿಮೀಟರ್ ಇಳಿಯಬೇಕು. ಜಾಸ್ತಿ ಉಜ್ಜಿದರೆ ತಂತಿ ಫ್ರೆಟ್‌ಗೆ ಬಡಿದು ಜಿರ್ ಅನ್ನುತ್ತೆ, ಆಮೇಲೆ ಹೊಸ ಸ್ಯಾಡಲ್ಲೇ ಗತಿ. ನಾನು ಫಿಟ್ಟರ್ ಆದರೂ ಇದನ್ನು ಮನೆಯಲ್ಲಿ ಮಾಡಲಿಲ್ಲ. ನೀವೂ ಮಾಡಬೇಡಿ. ತಿಳಿದವರಿಗೆ ಕೊಡಿ, ‘ಸೆಟಪ್ ಮಾಡಿಕೊಡಿ’ ಅನ್ನಿ, ಅಷ್ಟು ಸಾಕು.

ಕೊನೆಗೆ 10ರ ಸೆಟ್ ಹಾಕಿದರು. ಅದೇ ಶ್ರುತಿಗೆ ಕಟ್ಟಿದಾಗ ಮೊದಲನೇ ತಂತಿಯ ಎಳೆತ 13ರದ್ದಕ್ಕಿಂತ ಸುಮಾರು 40 ಪರ್ಸೆಂಟ್ ಕಮ್ಮಿ. ಸದ್ದು ಸ್ವಲ್ಪ ತೆಳುವಾಗುತ್ತೆ, ನಿಜ. ಮನೆಯ ಹಾಲ್‌ನಲ್ಲಿ ಕೂತು ಹಾಡೋನಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಸಾಲದು ಅಂದರೆ ಆರೂ ತಂತಿಯ ಶ್ರುತಿಯನ್ನು ಎರಡು ಮನೆ, ಅಂದರೆ ಎರಡು ಫ್ರೆಟ್‌ನಷ್ಟು, ಇಳಿಸಿ ಕಟ್ಟಿ, ಎರಡನೇ ಫ್ರೆಟ್‌ಗೆ ಕ್ಯಾಪೋ ಹಾಕಿ. ಶ್ರುತಿ ಮೊದಲಿನದೇ, ಎಳೆತ ಇನ್ನೂ 20 ಪರ್ಸೆಂಟ್ ಕಮ್ಮಿ.

ಇದನ್ನು ಸೋಮಾರಿತನ ಅನ್ನೋರು ಇದ್ದಾರೆ. ಅವರಿಗೆ ಟೋನಿ ಐಯೋಮಿ ಕಥೆ ಹೇಳಿ. ಬ್ಲ್ಯಾಕ್ ಸಬ್ಬಾತ್ ಅನ್ನೋ ಇಂಗ್ಲೆಂಡಿನ ರಾಕ್ ತಂಡದ ಗಿಟಾರಿಸ್ಟ್. ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವಾಗ, 17ನೇ ವಯಸ್ಸಿನಲ್ಲಿ, ಬಲಗೈಯ ಎರಡು ಬೆರಳ ತುದಿ ಮೆಷಿನ್‌ಗೆ ಹೋಯಿತು. ಎಡಚ ಆದ್ದರಿಂದ ತಂತಿ ಒತ್ತುವ ಕೈ ಅದೇ. ಪ್ರೆಸ್ ಶಾಪ್‌ನಲ್ಲಿ ಬೆರಳು ಕಳೆದುಕೊಂಡವರನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಹಾಗಾಗಿ ಈ ಕಥೆ ನನಗೆ ಸುಮ್ನೆ ಕಥೆಯಲ್ಲ. ಐಯೋಮಿಯ ಫೋರ್‌ಮನ್ ಜಾಂಗೋ ರೈನ್‌ಹಾರ್ಟ್ ಅನ್ನೋ ಜಾಝ್ ಗಿಟಾರಿಸ್ಟ್‌ನ ರೆಕಾರ್ಡ್ ತಂದುಕೊಟ್ಟರಂತೆ. 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಸೊಟ್ಟಗಾದರೂ ಉಳಿದ ಎರಡರಲ್ಲೇ ಸೋಲೋ ನುಡಿಸಿದ ಮನುಷ್ಯ ಆತ. ಐಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ತೆಳು ತಂತಿ ಬೇಕು ಅಂತ ಬ್ಯಾಂಜೋ ತಂತಿ ಹಾಕಿದರು. ಮುಂದೆ ಶ್ರುತಿಯನ್ನೂ ಇಳಿಸಿದರು. ಬೆರಳಿಗೆ ತಕ್ಕಂತೆ ಗಿಟಾರನ್ನು ಬಗ್ಗಿಸಿಕೊಂಡರು. ನಾವು ಮಾತ್ರ ಗಿಟಾರಿಗೆ ತಕ್ಕಂತೆ ಬೆರಳು ಬಗ್ಗಲಿಲ್ಲ ಅಂತ ಅಳುತ್ತಾ ಕೂರಬೇಕಾ?

ಉಕುಲೆಲೆ ಬೆರಳಿಗೆ ಸುಲಭ, ಅದರಲ್ಲಿ ಎರಡು ಮಾತಿಲ್ಲ. ನಾಲ್ಕೇ ತಂತಿ, ಅದೂ ನೈಲಾನ್. ಆದರೆ ಸಾಮಾನ್ಯ ಉಕುಲೆಲೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರವೇ ಮಧ್ಯದ ಸಿ. ಗಂಡಸಿನ ದನಿಗೆ ಕೆಳಗಿಂದ ಆಧಾರ ಕೊಡೋಕೆ ಅದಕ್ಕೆ ಆಗೋದಿಲ್ಲ. ಅದರ ಸದ್ದೇ ಇಷ್ಟ ಆದರೆ ತಗೊಳ್ಳಿ. ವಯಸ್ಸಾಯಿತು ಅಂತ ಮಾತ್ರ ತಗೋಬೇಡಿ. ಕೀಬೋರ್ಡ್ ಬಗ್ಗೆ ನಾನು ಹೇಳೋದಿಲ್ಲ, ನನಗೆ ಅದು ಹಿಡಿಸಲಿಲ್ಲ. ನಿಜವಾಗಿ ಬೆರಳಿಗೆ ಎಲ್ಲಕ್ಕಿಂತ ಮೆತ್ತಗಿನ ಗಿಟಾರ್ ಯಾವುದು ಗೊತ್ತಾ? ಎಲೆಕ್ಟ್ರಿಕ್. 9ರ ತಂತಿ, ತೆಳು ಕುತ್ತಿಗೆ. ಐವತ್ತು ದಾಟಿದವರು ಅಂಗಡಿಯಲ್ಲಿ ಎಲೆಕ್ಟ್ರಿಕ್ ಕೇಳಿದರೆ "ಮಗನಿಗಾ ಸರ್?" ಅಂತಾರೆ. ಅನ್ನಲಿ ಬಿಡಿ. ಹೆಡ್‌ಫೋನ್ ಹಾಕಿಕೊಂಡರೆ ಮನೆಯವರ ಸೀರಿಯಲ್ಲಿಗೂ ತೊಂದರೆ ಇಲ್ಲ.

ಎಫ್‌ಗೆ ಅವಸರ ಬೇಡ. ಎ, ಡಿ, ಇ ಮೂರೇ ಸಾಕು ಶುರು ಮಾಡೋಕೆ. ನನ್ನ ದನಿ ಹಾರ್ಮೋನಿಯಮ್‌ನ ಕಪ್ಪು ಒಂದಕ್ಕೆ ಕೂರುತ್ತೆ. ನಾಲ್ಕನೇ ಫ್ರೆಟ್‌ಗೆ ಕ್ಯಾಪೋ ಹಾಕಿ ಎ ಹಿಡಿದರೆ ಅದೇ ಶ್ರುತಿ ಬರುತ್ತೆ, ಎಫ್ ಸುದ್ದಿಯೇ ಇಲ್ಲ. ಬಾಯಿಪಾಠ ಇರೋ ಹಳೇ ಹಾಡು ಒಂದನ್ನು ಹಿಡಿಯಿರಿ. ಗಮಕ ಜಾಸ್ತಿ ಇರೋ ಹಾಡು ಬೇಡ, ಕಾರ್ಡ್ಸ್ ಅದರ ಜೊತೆ ಜಗಳ ಆಡುತ್ತವೆ. ನಮ್ಮ ವಯಸ್ಸಿನವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಹೇಳೋದಿಲ್ಲ: ತಾಳ ಒಳಗೇ ಕೂತಿರುತ್ತೆ. ಕ್ಲಾಸಿನ ಮಕ್ಕಳು ಎಫ್ ಹಿಡಿದರೂ ಲಯ ತಪ್ಪುತ್ತಿದ್ದರು, ನಾನು ತಪ್ಪುತ್ತಿರಲಿಲ್ಲ.

ದಿನಕ್ಕೆ ಎಷ್ಟು ಹೊತ್ತು ಪ್ರಾಕ್ಟೀಸ್ ಅಂತಲೂ ಕೇಳಿದ್ದೀರಿ. ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ. ಸ್ನಾನ ಮಾಡಿ ಬಂದ ತಕ್ಷಣ ಬೇಡ, ಬೆರಳ ತುದಿಯ ಚರ್ಮ ನೆನೆದು ಮೆತ್ತಗಾಗಿರುತ್ತೆ, ಕತ್ತರಿಸುತ್ತೆ. ಫ್ರೆಟ್ ಪಟ್ಟಿಗೆ ಅಂಟಿದ ಹಾಗೆ ಒತ್ತಿದರೆ ಅರ್ಧ ಬಲ ಸಾಕು. ಬೆರಳ ತುದಿ ಉರಿಯೋದು ಸಹಜ, ಕೆಲವು ವಾರದಲ್ಲಿ ಚರ್ಮ ಗಟ್ಟಿಯಾಗುತ್ತೆ. ಹೆಬ್ಬೆರಳ ಬುಡ, ಮಣಿಕಟ್ಟು ನೋಯೋದು ಸಹಜ ಅಲ್ಲ, ಆ ಕ್ಷಣವೇ ಕೆಳಗಿಡಿ. ನನ್ನ ಹೆಬ್ಬೆರಳು ಚಳಿಗಾಲದಲ್ಲಿ ಈಗಲೂ ಹಿಡಿದುಕೊಳ್ಳುತ್ತೆ.

ತಂತಿ ನೀವೇ ಬದಲಾಯಿಸೋದಾದರೆ ಮೊದಲನೇ ತಂತಿ ಬಿಗಿ ಮಾಡುವಾಗ ಮುಖ ಪಕ್ಕಕ್ಕೆ ಇರಲಿ, ಅದು ಕಿತ್ತರೆ ಕಣ್ಣಿಗೇ ಬರೋದು. ಓದೋ ಕನ್ನಡಕ ಹೇಗೂ ಹಾಕಿರ್ತೀರಿ ಅಲ್ವಾ, ಅದನ್ನು ಹಣೆ ಮೇಲೆ ಏರಿಸಬೇಡಿ.