ಬೈಠಕ್ ಹೊಡೆದಷ್ಟೂ ಚುರುಕು ಬರುತ್ತದೆಯೇ?

ಪ್ರಶ್ನೆ: ನನಗೆ 20 ವರ್ಷ. 65 ಕೆ.ಜಿ. ವಿಭಾಗದಲ್ಲಿ ಫ್ರೀಸ್ಟೈಲ್ ಕುಸ್ತಿ ಹಿಡಿಯುತ್ತೇನೆ. ದಿನವೂ 500 ಬೈಠಕ್, 200 ದಂಡ ಹೊಡೆದು, 5 ಕಿ.ಮೀ. ಓಡಿ, ಕೊನೆಗೆ ಕೋನ್‌ಗಳ ನಡುವೆ ಓಡುವ ಅಭ್ಯಾಸ ಮಾಡುತ್ತೇನೆ. ಆದರೂ ಎದುರಾಳಿಯ ಕಾಲಿಗೆ ನುಗ್ಗುವಾಗ ತಡವಾಗುತ್ತದೆ, ಹಿಡಿದರೂ ಎತ್ತಲಾಗುವುದಿಲ್ಲ. ತೂಕ ಏರದಂತೆ ಬಲ, ಚುರುಕು ಎರಡನ್ನೂ ಬೆಳೆಸುವುದು ಹೇಗೆ?

ಉತ್ತರ: ನಿಮ್ಮ ದುಡಿಮೆಯಲ್ಲಿ ಕೊರತೆಯಿಲ್ಲ, ಕ್ರಮ ಹಿಂದುಮುಂದಾಗಿದೆ. ಕಾಲು ಸೋತ ಮೇಲೆ ಚುರುಕಿನ ಅಭ್ಯಾಸ ಮಾಡಿದರೆ ದೇಹ ನಿಧಾನದ ಚಲನೆಯನ್ನೇ ಕಲಿಯುತ್ತದೆ. ಮೈ ಬಿಸಿಯಾದ ಕೂಡಲೇ, ದಣಿವಿಗೂ ಮೊದಲು ಅದನ್ನು ಮುಗಿಸಿ.

ಕೋನ್ ಎಲ್ಲಿರುತ್ತದೆಂದು ನಿಮಗೆ ಮೊದಲೇ ಗೊತ್ತು. ಎದುರಾಳಿ ಹಾಗೆ ನಿಂತಿರುವುದಿಲ್ಲ. ಆದ್ದರಿಂದ ಜೊತೆಗಾರನನ್ನು ಎದುರಿಗೆ ನಿಲ್ಲಿಸಿಕೊಳ್ಳಿ. ಇಬ್ಬರೂ ಪಟ್ಟಿನ ನಿಲುವಿನಲ್ಲೇ ಸರಿದಾಡುತ್ತಿರಿ. ಅವನು ಯಾವ ಕಾಲನ್ನು ಮುಂದಿಡುತ್ತಾನೋ ಆ ಕಾಲಿಗೆ ಮಂಡಿ ಬಗ್ಗಿಸಿ ನುಗ್ಗಿ. ಅವನೇ ನುಗ್ಗಿದರೆ ಸೊಂಟ ಇಳಿಸಿ, ಎರಡೂ ಕಾಲು ಹಿಂದಕ್ಕೆ ಚಾಚಿ ಅವನ ಮೇಲೆ ಭಾರ ಬಿಡಿ. ಒಂದು ಸರದಿ 6ರಿಂದ 8 ಸೆಕೆಂಡ್ ಮಾತ್ರ, ನಂತರ ಒಂದು ನಿಮಿಷ ವಿಶ್ರಾಂತಿ. ಇಷ್ಟು ವಿಶ್ರಾಂತಿ ಸೋಮಾರಿತನ ಅನ್ನಿಸಬಹುದು, ಅನ್ನಿಸಲಿ. ನುಗ್ಗುವ ವೇಗ ಕಡಿಮೆಯಾಯಿತೆಂದರೆ ಅಂದಿನ ಅಭ್ಯಾಸ ಅಲ್ಲಿಗೇ ಮುಗಿಯಿತು. ಇನ್ನೊಂದು: ಜೊತೆಗಾರ ಕೈ, ಮಂಡಿ ಊರಿರಲಿ, ಅವನ ಬೆನ್ನಿಗೆ ಎದೆಯೊತ್ತಿ ಸುತ್ತ ತಿರುಗಿ. ಅವನು ಚಪ್ಪಾಳೆ ತಟ್ಟಿದಾಗ ದಿಕ್ಕು ಬದಲಿಸಿ.

ಇನ್ನು ಎತ್ತುವ ಮಾತು. 500 ಬೈಠಕ್ ತಾಳಿಕೆ ಬೆಳೆಸುತ್ತದೆ, ಆದರೆ ಮೈಗೆ ಮೈ ಕೊಟ್ಟು ವಿರೋಧಿಸುವವನನ್ನು ಒಮ್ಮೆಲೇ ಎತ್ತಲು ಬೇಕಾದದ್ದು ಬೇರೆ ಬಲ. ವಾರಕ್ಕೆ ಎರಡು ದಿನ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತೇಳುವುದು), ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಎತ್ತಿ ನಿಲ್ಲುವುದು), ಪುಲ್ಅಪ್ (ಕಂಬಿ ಹಿಡಿದು ಮೈ ಮೇಲಕ್ಕೆಳೆಯುವುದು) ಮಾಡಿ: ಭಾರ ಹೆಚ್ಚು, ಪ್ರತಿ ಸೆಟ್‌ಗೆ 3ರಿಂದ 5 ಸಲ, ಒಟ್ಟು 4 ಸೆಟ್, ನಡುವೆ 2–3 ನಿಮಿಷ ಬಿಡುವು. ಇನ್ನೆರಡು ಸಲ ಎತ್ತಬಹುದು ಎನ್ನುವಾಗಲೇ ನಿಲ್ಲಿಸಿ. ಬಾರ್‌ಬೆಲ್ ಹಿಡಿದು ಅಭ್ಯಾಸವಿಲ್ಲದಿದ್ದರೆ ಮೊದಲ ಕೆಲವು ವಾರ ಹಗುರ ಭಾರದಲ್ಲಿ, ಬಲ್ಲವರ ಕಣ್ಣೆದುರೇ ಕಲಿಯಿರಿ. ಕಡಿಮೆ ಸಲ ಎತ್ತಿದಾಗ ಬಲ ಬಹುಮಟ್ಟಿಗೆ ನರಗಳು ಸ್ನಾಯುಗಳನ್ನು ದುಡಿಸಿಕೊಳ್ಳುವ ರೀತಿಯಿಂದ ಬರುತ್ತದೆ. ಹಾಗಾಗಿ ಊಟ ಮಿತಿಯಲ್ಲಿದ್ದರೆ ತೂಕ ಅಷ್ಟಾಗಿ ಏರದು. ಹಿಡಿತಕ್ಕೆ ಹಗ್ಗ ಹತ್ತಿ, ಇಲ್ಲವೇ ಕಂಬಿಗೆ ಟವೆಲ್ ಹಾಕಿ, ಅದನ್ನು ಹಿಡಿದು ಜೋತುಬೀಳಿ.

ದಮ್ಮಿನ ಕೆಲಸ ಕೊನೆಗೆ. ಪಂದ್ಯ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್. ಅದೇ ಲೆಕ್ಕದಲ್ಲಿ ಜೋರು ಕುಸ್ತಿ ಹಿಡಿದರೆ 5 ಕಿ.ಮೀ. ಓಟಕ್ಕಿಂತ ಹೆಚ್ಚು ಉಪಯೋಗ. ಬೈಠಕ್ ಬಿಡಬೇಕಿಲ್ಲ, ಮೈ ಬಿಸಿಗೆ ನೂರು ಸಾಕು.

ಕುತ್ತಿಗೆಯ ಬಲಕ್ಕೆ ಸೇತುವೆ ಹಾಕುವ (ತಲೆ, ಪಾದ ಊರಿ ಮೈಯನ್ನು ಬಿಲ್ಲಿನಂತೆ ಎತ್ತುವ) ಮುನ್ನ ಕೆಲವು ವಾರ ಅಂಗೈಯಿಂದ ತಲೆಯನ್ನು ನಾಲ್ಕೂ ಕಡೆ ಒತ್ತಿ, ತಲೆ ಅಲುಗದಂತೆ ತಡೆದು ಅಭ್ಯಾಸ ಮಾಡಿ. ಕೈಗೆ ಜೋಮು ಹಿಡಿದರೆ ತಕ್ಷಣ ನಿಲ್ಲಿಸಿ, ವೈದ್ಯರಿಗೆ ತೋರಿಸಿ.