ಕೆಲಸ ಬಿಡೋ ಮೊದಲು ಅಪ್ಪನ ಮೂಟೆಗೆ ಬೆಲೆ ಹಾಕು

ತಮ್ಮಾ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಕೆನಡಾಕ್ಕೆ ಬಂದು ಎರಡು ವರ್ಷ. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ. ರಾತ್ರಿ ಹೊತ್ತು, ಶನಿವಾರ ಭಾನುವಾರ ಆನ್‌ಲೈನ್‌ನಲ್ಲಿ ಅಪ್ಪನ ತೋಟದ ಕಾಫಿಪುಡಿ ಊರಿಂದ ತರಿಸಿ ಮಾರಾಟ. ಮೂರು ತಿಂಗಳಿಂದ ತಿಂಗಳಿಗೆ 300 ಪ್ಯಾಕೆಟ್ ಹೋಗುತ್ತಿದೆ. ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟು ಪೂರ್ತಿ ಇದಕ್ಕೇ ಕೂತುಬಿಡಲಾ, ಸಂಬಳ ಇಲ್ಲದೆ ಈ ದೇಶದಲ್ಲಿ ಬದುಕು ಹೇಗಿರುತ್ತೆ ಅಣ್ಣಾ ಅಂತ ಕೇಳಿದ್ದೀಯ.

ಸಂಬಳ ಬಿಟ್ಟು ಆನ್‌ಲೈನ್ ವ್ಯಾಪಾರದಲ್ಲೇ ಬದುಕುತ್ತಿರುವವನು ನಾನು. ಮಿಕ್ಸಿ ಜಾರಿನ ವಾಷರ್, ಕಪ್ಲರ್, ಕುಕ್ಕರ್ ಗ್ಯಾಸ್ಕೆಟ್ ಮಾರುತ್ತೇನೆ. ಊರಿಂದ ತಂದ 230 ವೋಲ್ಟಿನ ಮಿಕ್ಸಿ ಕೆನಡಾದ 120 ವೋಲ್ಟಿಗೆ ಓಡಲ್ಲ ಅಂತ ಪ್ರತಿ ವಾರ ಯಾರಿಗಾದರೂ ಹೇಳಬೇಕಾಗುತ್ತೆ, ಅದೂ ಪುಕ್ಕಟೆ. ಆದ್ದರಿಂದ ಬೇಡ ಅಂತ ನಿನಗೆ ಹೇಳುವುದಿಲ್ಲ. ಆದರೆ ಏಪ್ರಿಲ್ ಬೇಡ.

ಮೊದಲು ಕಾಗದಪತ್ರದ ವಿಷಯ. ನಿನ್ನ ಹತ್ತಿರ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ ಇದೆ, ಸ್ವಂತ ವ್ಯಾಪಾರಕ್ಕೆ ಯಾರ ಅಪ್ಪಣೆಯೂ ಬೇಡ. ಒಂದೇ ಕಂಪನಿಗೆ ಕಟ್ಟಿಹಾಕಿದ ವರ್ಕ್ ಪರ್ಮಿಟ್ ಆಗಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲಿರುವ ನಮ್ಮವರಿಗೆ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದ ಗಡುವು. ಅವರು ನಿನ್ನ ಹಾಗೆ ಯೋಚನೆ ಮಾಡುವುದಕ್ಕೂ ಹೆದರುತ್ತಾರೆ. ಆ ವಿಷಯದಲ್ಲಿ ನೀನು ಆರಾಮ.

ಆದರೆ ಕೆನಡಾದಲ್ಲಿ ನೌಕರಿ ಅಂದರೆ ಬರೀ ಸಂಬಳ ಅಲ್ಲ. ಸರ್ಕಾರಿ ಆರೋಗ್ಯ ವಿಮೆಯ ಓಹಿಪ್ ಕಾರ್ಡ್ ಡಾಕ್ಟರು, ಆಸ್ಪತ್ರೆ ನೋಡಿಕೊಳ್ಳುತ್ತೆ, ಸರಿ. ಹಲ್ಲು, ಕನ್ನಡಕ, ದಿನಾ ನುಂಗುವ ಮಾತ್ರೆ ಇವೆಲ್ಲ ಈಗ ಕಂಪನಿಯ ಬೆನಿಫಿಟ್ಸ್‌ನಲ್ಲಿ ಹೋಗುತ್ತಿವೆ. ಬಿಟ್ಟ ಮೇಲೆ ಬಹುಪಾಲು ನಿನ್ನ ಜೇಬಿನಿಂದ. ನೀನಾಗಿಯೇ ಬಿಟ್ಟರೆ ಎಂಪ್ಲಾಯ್‌ಮೆಂಟ್ ಇನ್ಶೂರೆನ್ಸ್, ಅಂದರೆ ನಿರುದ್ಯೋಗ ಭತ್ಯೆ ಕೂಡ ಸಿಗಲ್ಲ. ವ್ಯಾಪಾರ ಮಾಡಬೇಕು ಅಂತ ಬಿಟ್ಟೆ ಅನ್ನುವುದನ್ನು ಅವರು ಕಾರಣ ಅಂತ ಒಪ್ಪುವುದಿಲ್ಲ. ಪಿಂಚಣಿಯ ಸಿಪಿಪಿಯಲ್ಲಿ ಈಗ ಅರ್ಧ ನೀನು, ಅರ್ಧ ಕಂಪನಿ. ಆಮೇಲೆ ಎರಡೂ ನಿನ್ನದೇ: ಖರ್ಚು ಕಳೆದು ವರ್ಷಕ್ಕೆ 3,500 ಡಾಲರ್ ಮೇಲಿನ ಗಳಿಕೆಗೆ ನೂರಕ್ಕೆ 11.9. ತೆರಿಗೆಯನ್ನು ಯಾರೂ ಮೊದಲೇ ಹಿಡಿದುಕೊಳ್ಳಲ್ಲ. ರಿಟರ್ನ್ ಹಾಕಲು ಜೂನ್ 15ರ ತನಕ ಟೈಮ್ ಇದೆ ಅಂತ ಸುಮ್ನೆ ಕೂರಬೇಡ, ದುಡ್ಡು ಕಟ್ಟೋಕೆ ಏಪ್ರಿಲ್ 30ಕ್ಕೇ ಕೊನೆ. ಅದು ತಪ್ಪಿದರೆ ಬಡ್ಡಿ.

ಇನ್ನೊಂದು ಯಾರೂ ಹೇಳಲ್ಲ. ಬೇರೆ ಬಾಡಿಗೆ ಮನೆ ನೋಡಬೇಕಾದರೆ ಓನರ್ ಕೇಳೋದು ಕೆಲಸದ ಪತ್ರ ಮತ್ತು ಪೇ ಸ್ಲಿಪ್. ಮನೆ ಸಾಲಕ್ಕೆ ಹೋದರೆ ಸ್ವಂತ ವ್ಯಾಪಾರದವನಿಗೆ ಬ್ಯಾಂಕಿನವರು ಸಾಮಾನ್ಯವಾಗಿ ಎರಡು ವರ್ಷದ ತೆರಿಗೆ ಅಸೆಸ್‌ಮೆಂಟ್ ಕೇಳುತ್ತಾರೆ. ಹಾಗಾಗಿ ಮನೆ ಬದಲಾಯಿಸೋದು, ಬೇಕಾದಾಗ ಸಾಲ ತೆಗೆಯೋಕೆ ಬ್ಯಾಂಕಿನಲ್ಲಿ ಲೈನ್ ಆಫ್ ಕ್ರೆಡಿಟ್ ತೆಗೆದಿಡೋದು, ಹಲ್ಲು ತೋರಿಸೋದು, ಎಲ್ಲ ಸಂಬಳ ಇರುವಾಗಲೇ ಮುಗಿಸು. ನಾನು ಕೆಲಸ ಬಿಟ್ಟದ್ದು ನಿನ್ನ ಅತ್ತಿಗೆಗೆ ಬೆನಿಫಿಟ್ಸ್ ಇರೋ ಕೆಲಸ ಸಿಕ್ಕ ಮೇಲೆ. ಧೈರ್ಯ ಗೀರ್ಯ ಏನೂ ಇರಲಿಲ್ಲ, ಅವಳ ಬೆನಿಫಿಟ್ಸ್ ಕಾರ್ಡಿತ್ತು.

ಇದೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಬರೆಯೋಕೆ ಕೂತದ್ದು ಬೇರೆ ಕಾರಣಕ್ಕೆ.

ಈಗ ನಾನು ಸಕಲೇಶಪುರದಲ್ಲಿ ಮನೆಗೆ ಬಂದಿದ್ದೇನೆ. ನೀನು ಹೇಳಿದ್ದೆ ಅಂತ ಮೂಡಿಗೆರೆ ಕಡೆ ಹೋದಾಗ ನಿಮ್ಮ ತೋಟಕ್ಕೂ ಹೋಗಿದ್ದೆ. ರೋಬಸ್ಟಾ ಕುಯ್ಲು ನಡೀತಿತ್ತು. ಕಣದ ತುಂಬಾ ಹಣ್ಣು ಹರವಿದ್ದರು, ಒಂದು ಕಡೆ ಇನ್ನೂ ಕೆಂಪು, ಒಂದು ಕಡೆ ಕಪ್ಪಾಗಿ ಸುಕ್ಕು ಬಿದ್ದಿತ್ತು. ನಿಮ್ಮ ಅಪ್ಪ ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ, "ಇನ್ನೂ ಎರಡು ಬಿಸಿಲು ಬೇಕು" ಅಂದರು. ಒಣಗಿದ್ದರೆ ಒಳಗೆ ಬೀಜ ಗಲಗಲ ಅನ್ನಬೇಕಲ್ಲ. ಸಂಜೆ ಇಬ್ಬನಿ ಬೀಳುವ ಮೊದಲು ಎಲ್ಲ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದರು. ಕುಯ್ಯೋಕೆ ಬಂದಿದ್ದವರು ಅಸ್ಸಾಂ ಕಡೆಯವರು. ಲೋಕಲ್ ಆಳು ಸಿಗಲ್ಲ ಅಂತ ಬೇಜಾರು ಮಾಡಿಕೊಂಡರು. ಆಮೇಲೆ ಗೋಡೌನಿಗೆ ಕರೆದುಕೊಂಡು ಹೋಗಿ ತೋರಿಸಿದರು. ಒಂದು ಮೂಲೆಯಲ್ಲಿ ಒಂಬತ್ತು ಮೂಟೆ ಬೇರೆ ಇಟ್ಟಿದ್ದಾರೆ, ಚೀಲದ ಮೇಲೆ ಮಾರ್ಕರ್‌ನಲ್ಲಿ ನಿನ್ನ ಹೆಸರು. ವ್ಯಾಪಾರಿ ಬಂದು ಒಳ್ಳೇ ರೇಟು ಹೇಳಿದರೂ ಅದನ್ನು ಮುಟ್ಟಿಸಲಿಲ್ಲವಂತೆ. "ಮಗನ ಬಿಸಿನೆಸ್ಸು" ಅಂದರು. ಹೆಮ್ಮೆಯಿಂದಲೇ ಅಂದರು.

ನೀನು ಕಳಿಸಿದ ಲೆಕ್ಕದಲ್ಲಿ ಆ ಮೂಟೆಗೆ ಬೆಲೆ ಎಲ್ಲಿದೆ?

ಕಾಲು ಕಿಲೋ ಪ್ಯಾಕೆಟ್‌ಗೆ 12 ಡಾಲರ್, 300 ಪ್ಯಾಕೆಟ್ ಅಂದರೆ 3,600. ಕೊರಿಯರ್, ಚೀಲ, ವೆಬ್‌ಸೈಟು, ಕಾರ್ಡ್ ಕಮಿಷನ್ ಎಲ್ಲ ಕಳೆದು 2,000 ಉಳಿಯುತ್ತೆ ಅಂತ ಬರೆದಿದ್ದೀಯ. ಸರಿ, ಹಿಂದಿನಿಂದ ಲೆಕ್ಕ ಹಾಕೋಣ. 300 ಪ್ಯಾಕೆಟ್ ಅಂದರೆ 75 ಕಿಲೋ ಪುಡಿ. ನೂರಕ್ಕೆ ಇಪ್ಪತ್ತು ಚಿಕೋರಿ ತೆಗೆದರೆ ಕಾಫಿ 60 ಕಿಲೋ. ಹುರಿದಾಗ ತೂಕ ಆರನೇ ಒಂದರಷ್ಟು ಹೋಗುತ್ತೆ, ಅಂದರೆ ಹಸಿ ಬೀಜ 72 ಕಿಲೋ ಬೇಕು. ಐವತ್ತು ಕಿಲೋ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಯಲ್ಲಿ ಬೀಜ ಸಿಗೋದು ಹೆಚ್ಚುಕಮ್ಮಿ ಅರ್ಧ. ಮೂಟೆಗೆ ಎಷ್ಟು ಬೀಜ ಅನ್ನುವ ಈ ಔಟ್‌ಟರ್ನ್ ಲೆಕ್ಕ ನಿಮ್ಮ ಅಪ್ಪ ನಿದ್ದೆಯಲ್ಲೂ ಹೇಳುತ್ತಾರೆ. ಹಾಗಾದರೆ ತಿಂಗಳಿಗೆ ಮೂರು ಮೂಟೆ, ವರ್ಷಕ್ಕೆ ಮೂವತ್ತಾರು. ಲೆಕ್ಕಕ್ಕೆ ಮೂಟೆಗೆ ಹತ್ತು ಸಾವಿರ ಅಂತ ಇಟ್ಟುಕೊ, ಡಾಲರ್‌ಗೆ ಅರವತ್ತು ರೂಪಾಯಿ ಅಂತ ಹಿಡಿ. ತಿಂಗಳಿಗೆ 500 ಡಾಲರ್ ಅಪ್ಪನದು. ಸಿಪ್ಪೆ ಬಿಡಿಸೋ ಹಲ್ಲಿಂಗ್, ಹುರಿಯೋದು, ಪುಡಿ ಮಾಡಿಸೋದು ಇನ್ನೊಂದು 100, ಅದನ್ನೂ ಅವರೇ ಮೂಡಿಗೆರೆಯಲ್ಲಿ ಕೊಡುತ್ತಿದ್ದಾರೆ. ಉಳಿದದ್ದು 1,400. ಸಿಪಿಪಿ ಕಟ್ಟಿದರೆ 1,270ರ ಹತ್ತಿರ. ನೀನೇ ಹೇಳಿದ ಬೇಸ್‌ಮೆಂಟ್ ಬಾಡಿಗೆ 1,600.

ಅಮ್ಮ ರಾತ್ರಿ ಕೂತು ಡಬ್ಬ ಕಟ್ಟುವುದಕ್ಕೆ ನಾನಿನ್ನೂ ಏನೂ ಹಾಕಿಲ್ಲ. ಪ್ಯಾಕೆಟ್ ಹಿಡಿದು ಮಿಸ್ಸಿಸಾಗಾ, ಮಿಲ್ಟನ್ ಅಂತ ನೀನು ಸುತ್ತುವ ಪೆಟ್ರೋಲಿಗೂ ಹಾಕಿಲ್ಲ.

ಅಂದರೆ ಈಗ ಆ ಅಂಗಡಿಯನ್ನು ನಡೆಸುತ್ತಿರೋದು ಎರಡು ಕಡೆಯ ದುಡ್ಡು: ನಿನ್ನ ಸಂಬಳ, ಅಪ್ಪನ ಫಸಲು. ಒಂದನ್ನು ನೀನೇ ನಿಲ್ಲಿಸಬೇಕು ಅಂತಿದ್ದೀಯ. ಇನ್ನೊಂದು ಬೋರರ್ ಹುಳಕ್ಕೆ, ಹೂಮಳೆಗೆ, ರೇಟಿಗೆ ಬಿಟ್ಟದ್ದು. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಮಳೆ ತಪ್ಪಿದರೆ ಮುಂದಿನ ವರ್ಷದ ಫಸಲು ಏನಾಗುತ್ತೆ ಅಂತ ನಿನಗೆ ಹೇಳಿಕೊಡಬೇಕಾ? ಕಾಫಿ ಬೋರ್ಡ್‌ನ ಪೂಲ್ ಇದ್ದ ಕಾಲದಲ್ಲಿ ಬೆಳೆ ಎಲ್ಲ ಬೋರ್ಡ್‌ಗೆ ಕೊಟ್ಟು ಕಂತು ಕಂತಾಗಿ ದುಡ್ಡಿಗೆ ಕಾಯುತ್ತಿದ್ದರು. 1996ರಲ್ಲಿ ಎಲ್ಲವನ್ನೂ ನಾವೇ ಮಾರಬಹುದು ಅಂತಾಯಿತು. ಅದಾದ ನಾಲ್ಕೈದು ವರ್ಷಕ್ಕೇ ರೇಟು ಬಿದ್ದು ಎಷ್ಟೋ ತೋಟ ಬ್ಯಾಂಕಿಗೆ ಅಡವು ಬಿದ್ದವು. ಆ ಕಾಲ ನೋಡಿದವರಿಗೆ ಮನೆಯಲ್ಲಿ ಒಬ್ಬನಿಗಾದರೂ ತಿಂಗಳಾದರೆ ಸಂಬಳ ಬರಲಿ ಅನ್ನುವುದು ದೊಡ್ಡ ಆಸೆ. ನಿನ್ನನ್ನು ಹಾಸನದಲ್ಲಿ ಇಂಜಿನಿಯರಿಂಗ್ ಓದಿಸಿದ್ದೂ ಅದಕ್ಕೇ ಅಲ್ವಾ.

ಪುಡಿ ತರಿಸುವ ರೀತಿ ನನಗೆ ಹಿಡಿಸಲಿಲ್ಲ. ಡಬ್ಬದ ಮೇಲೆ ಗಿಫ್ಟ್ ಅಂತ ಬರೆಸಿ ತರಿಸುತ್ತಿದ್ದೀಯ. ಮನೆಗೆ ಕುಡಿಯೋಕೆ ತರಿಸಿದರೆ ಅದು ಬೇರೆ. ಮಾರೋಕೆ ಆಹಾರ ಆಮದು ಮಾಡಿದರೆ ಸೇಫ್ ಫುಡ್ ಫಾರ್ ಕೆನಡಿಯನ್ಸ್ ಲೈಸೆನ್ಸ್ ಬೇಕು. ಆ ನಿಯಮಾವಳಿ 2019ರ ಜನವರಿಯಲ್ಲಿ ಬಂದದ್ದು. ಲೈಸೆನ್ಸ್ ಎರಡು ವರ್ಷಕ್ಕೆ ಸಿಗುತ್ತೆ, ಆನ್‌ಲೈನ್‌ನಲ್ಲೇ ಅರ್ಜಿ. ವರ್ಷಕ್ಕೆ 1 ಲಕ್ಷ ಡಾಲರ್ ಒಳಗಿನ ವ್ಯಾಪಾರಕ್ಕೆ ದೊಡ್ಡ ಲಿಖಿತ ಪ್ಲಾನ್ ಕೇಳಲ್ಲ, ಆದರೆ ಮಾಲು ಎಲ್ಲಿಂದ ಬಂತು, ಯಾರಿಗೆ ಹೋಯಿತು ಅನ್ನುವ ದಾಖಲೆ ಇರಲೇಬೇಕು. ಲೇಬಲ್ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಇರಬೇಕು. ನಿನ್ನದರಲ್ಲಿ ಕನ್ನಡ ಚೆನ್ನಾಗಿದೆ, ಫ್ರೆಂಚ್ ಇಲ್ಲ. ಊರಿನ ಕಡೆಯಿಂದ ಆಮದು-ರಫ್ತಿನ ಐಇಸಿ ನಂಬರು, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸು, ಕಾಫಿ ಬೋರ್ಡ್‌ನಲ್ಲಿ ರಫ್ತುದಾರ ಅಂತ ನೋಂದಣಿ, ಇವೂ ಬೇಕು.

ಪ್ಯಾಕೆಟ್ ಮೇಲೆ "ಚಿಕ್ಕಮಗಳೂರು ಅರೇಬಿಕಾ" ಅಂತ ಹಾಕಿದ್ದೀಯ. 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಬೆಳೆಗೆ ಕೊಡೋ ಭೌಗೋಳಿಕ ಗುರುತು ಸಿಕ್ಕಿರೋ ಹೆಸರು ಅದು. ನಿಮ್ಮದು ರೋಬಸ್ಟಾ ತೋಟ ಕಣೋ! ರೋಬಸ್ಟಾ ಅಂತಲೇ ಹಾಕು. ಡಿಕಾಕ್ಷನ್ ಗಟ್ಟಿಯಾಗಿ ಬರೋದು ಅದರಿಂದಲೇ ಅಂತ ನಮ್ಮ ಜನಕ್ಕೆ ಗೊತ್ತು.

ಕೆನಡಾದ ಜಿಎಸ್‌ಟಿಯದು ಸಣ್ಣ ವಿಷಯ, ಆದರೂ ಕೇಳಿಕೋ. ಕಾಫಿಪುಡಿಗೆ ತೆರಿಗೆ ಸೊನ್ನೆ. ಆದರೆ ನಾಲ್ಕು ತ್ರೈಮಾಸಿಕದಲ್ಲಿ ಮಾರಾಟ 30,000 ಡಾಲರ್ ದಾಟಿದರೆ ಸೊನ್ನೆ ತೆರಿಗೆಯ ಮಾಲೂ ಲೆಕ್ಕಕ್ಕೆ ಬರುತ್ತೆ, ನೋಂದಣಿ ಮಾಡಿಸಲೇಬೇಕು. ನಿನ್ನ ವೇಗದಲ್ಲಿ ಇನ್ನು ಐದಾರು ತಿಂಗಳು. ಹೆದರಬೇಡ, ಲಾಭವೇ ಇದೆ. ಪ್ಯಾಕಿಂಗ್, ಪೋಸ್ಟೇಜಿಗೆ ಕೊಟ್ಟ ತೆರಿಗೆ ವಾಪಸ್ ಬರುತ್ತೆ.

ಬದುಕು ಹೇಗಿರುತ್ತೆ ಅಂತ ಕೇಳಿದ್ದೆ. ಜನವರಿಯಲ್ಲಿ ಬೆಳಿಗ್ಗೆ ಎದ್ದು ಬೇಸ್‌ಮೆಂಟ್‌ನಲ್ಲೇ ಕೂತು, ಕತ್ತಲಾದ ಮೇಲೆ ಪೋಸ್ಟ್ ಆಫೀಸಿಗೆ ಹೋಗಿ ಬಂದರೆ ದಿನ ಮುಗೀತು. ಇಡೀ ದಿನ ಬಾಯಿ ತೆರೆದಿರಲ್ಲ. ಆಫೀಸಿನ ಊಟದ ರೂಮಿನಲ್ಲಿ ಐಸ್ ಹಾಕಿ ಮ್ಯಾಚ್ ಬಗ್ಗೆ ಜೊತೆಯವರು ಕೊರೆಯೋದು ಈಗ ಬೋರ್ ಅನ್ನಿಸಬಹುದು, ಆದರೆ ಕೆನಡಾದ ಜನ ನಿನಗೆ ಸಿಗುತ್ತಿರೋದು ಅಲ್ಲಿ ಮಾತ್ರ. ನಿನ್ನ ಗಿರಾಕಿಗಳೆಲ್ಲ ನಮ್ಮವರೇ. ನಮ್ಮವರು ಮೊದಲ ಪ್ಯಾಕೆಟ್ ಕೊಳ್ಳೋದು ಪ್ರೀತಿಗೆ, ಊರಿನ ಹುಡುಗ ಅಂತ. ಎರಡನೇ, ಮೂರನೇ ಸಲ ಎಷ್ಟು ಜನ ತಗೊಂಡರು? ಆ ಸಂಖ್ಯೆ ನಿನ್ನ ಪತ್ರದಲ್ಲಿ ಇಲ್ಲ. ಇನ್ನೊಂದು, ನೀನು ಹೇಳಿದ ಮೂರು ತಿಂಗಳಲ್ಲಿ ದೀಪಾವಳಿ ಇದೆ, ಕ್ರಿಸ್‌ಮಸ್ ಇದೆ. ಫೆಬ್ರವರಿ ನೋಡು, ಮಾರ್ಚ್ ನೋಡು.

2024ರಲ್ಲಿ ಕೆನಡಾ ಪೋಸ್ಟ್‌ನವರು ನವೆಂಬರ್ 15ರಿಂದ ಡಿಸೆಂಬರ್ 17ರ ತನಕ ಮುಷ್ಕರ ಹೂಡಿದ್ದರು. ವ್ಯಾಪಾರದ ಕಾಲದಲ್ಲೇ. ಖಾಸಗಿ ಕೊರಿಯರ್‌ಗೆ ಕೊಟ್ಟರೆ ಗ್ಯಾಸ್ಕೆಟ್‌ಗಿಂತ ಕಳಿಸೋ ಖರ್ಚು ಜಾಸ್ತಿ. ಗಿರಾಕಿಗಳು ಬೈದರು, ಆರ್ಡರ್ ರದ್ದು ಮಾಡಿದರು. ಆ ತಿಂಗಳು ನಮ್ಮ ಮನೆ ನಡೆದದ್ದು ನಿನ್ನ ಅತ್ತಿಗೆ ಸಂಬಳದಲ್ಲಿ.

ನನ್ನನ್ನು ಕೇಳಿದರೆ, ಪುಡಿ ತರಿಸೋದನ್ನೇ ನಿಲ್ಲಿಸು. ಪುಡಿ ದಾರಿಯಲ್ಲೇ ಘಮ ಕಳ್ಕೊಳ್ಳುತ್ತೆ. ಹಸಿ ಬೀಜ ತಿಂಗಳುಗಟ್ಟಲೆ ತಡೆಯುತ್ತೆ, ಹಡಗಿನಲ್ಲಿ ಕಡಿಮೆ ಖರ್ಚಿನಲ್ಲಿ ಬರುತ್ತೆ. ಟೊರಾಂಟೊ ಸುತ್ತಮುತ್ತ ಗಂಟೆ ಲೆಕ್ಕದಲ್ಲಿ ರೋಸ್ಟರ್ ಬಾಡಿಗೆಗೆ ಕೊಡೋರು ಇದ್ದಾರೆ. ವಾರಕ್ಕೊಮ್ಮೆ ಹುರಿದು, ಪುಡಿ ಮಾಡಿ, ಅದೇ ವಾರ ಕಳಿಸು. ಅಮ್ಮನಿಗೂ ಡಬ್ಬ ಕಟ್ಟೋದು ತಪ್ಪುತ್ತೆ. ಅಪ್ಪನಿಗೆ ಆ ದಿನದ ಮಾರ್ಕೆಟ್ ರೇಟು ಬ್ಯಾಂಕಿಗೆ ಹಾಕು, ಅವರು ಬೇಡ ಅಂದರೂ. ಅವರು ಬೇಡ ಅಂತಲೇ ಅನ್ನುತ್ತಾರೆ. ಮ್ಯಾನೇಜರ್ ಹತ್ತಿರ ವಾರಕ್ಕೆ ನಾಲ್ಕು ದಿನದ ಕೆಲಸ ಕೇಳಿ ನೋಡು, ಕೆಲವು ಕಡೆ ಕೊಡುತ್ತಾರೆ. ಬೆನಿಫಿಟ್ಸ್ ಉಳಿಯುತ್ತಾ ಅಂತ ಮೊದಲೇ ಕೇಳಿಕೋ.

ನಾನು ಶಿವರಾತ್ರಿ ತನಕ ಊರಲ್ಲೇ ಇರುತ್ತೇನೆ. ಮೂಟೆ ಬೆಲೆ ಸೇರಿಸಿ ಹೊಸ ಲೆಕ್ಕ ಹಾಕಿ ಕಳಿಸು, ಮತ್ತೆ ಮತ್ತೆ ಕೊಂಡವರು ಎಷ್ಟು ಜನ ಅನ್ನುವುದೂ ಇರಲಿ. ಕಾಫಿ ಬೋರ್ಡ್ ನೋಂದಣಿಗೆ ಏನೇನು ಕಾಗದ ಬೇಕು ಅಂತ ನಿಮ್ಮ ಅಪ್ಪನ ಜೊತೆ ಹೋಗಿ ನಾನೇ ವಿಚಾರಿಸುತ್ತೇನೆ. ರಾಜೀನಾಮೆ ಪತ್ರ ಬರೆದಿಟ್ಟಿದ್ದರೆ ಸದ್ಯಕ್ಕೆ ಅಲ್ಲೇ ಇರಲಿ. ಮೊದಲು ಆ ಲೇಬಲ್ ಬದಲಾಯಿಸು.